ಏಳು ದಿನಗಳ ಹಾಲಿನ ಬೆಲೆ ಕೊಡುವವರಾರು?

ಪ್ರತಿ ವರ್ಷ ನವೆಂಬರ್ 18ರಿಂದ 24ರವರೆಗೆ ಔಷಧಕ್ಕೆ ಮಣಿಯದ ರೋಗಾಣುಗಳ ಕುರಿತು ಜಾಗೃತಿ ಸಪ್ತಾಹ ನಡೆಯುತ್ತದೆ. ಉಪದೇಶವೆಲ್ಲ ಕೊನೆಗೆ ಬಂದು ನಿಲ್ಲುವುದು ಕೊಟ್ಟಿಗೆಯ ಬಾಗಿಲಲ್ಲಿ: ರೈತರು ಆಂಟಿಬಯೋಟಿಕ್‌ಗಳನ್ನು ಮನಬಂದಂತೆ ಬಳಸಬಾರದು. ಮಾತು ಸತ್ಯವೇ. ಆದರೆ ಎರಡು ಹಸು ಕಟ್ಟಿಕೊಂಡ ಮಲೆನಾಡಿನ ಹೆಣ್ಣುಮಗಳ ತಲೆಗೆ ಹೊಣೆಯನ್ನೆಲ್ಲ ಕಟ್ಟಿ ವ್ಯವಸ್ಥೆ ನುಣುಚಿಕೊಳ್ಳುವುದು ನ್ಯಾಯವಲ್ಲ.

ಈ ಔಷಧಗಳೆಲ್ಲ ಒಂದೇ ಅಲ್ಲ. ಪೆನಿಸಿಲಿನ್ ವರ್ಗದವು ಬ್ಯಾಕ್ಟೀರಿಯಾ ತನ್ನ ಕೋಶಭಿತ್ತಿ ಕಟ್ಟಿಕೊಳ್ಳದಂತೆ ಮಾಡುತ್ತವೆ. ಟೆಟ್ರಾಸೈಕ್ಲಿನ್‌ಗಳು ಅದರ ಪ್ರೋಟೀನ್ ತಯಾರಿಕೆಯನ್ನು ತಡೆಯುತ್ತವೆ. ಎನ್ರೋಫ್ಲಾಕ್ಸಸಿನ್‌ನಂಥ ಫ್ಲೋರೋಕ್ವಿನೊಲೋನ್‌ಗಳು ಡಿಎನ್‌ಎ ನಕಲಾಗುವ ಕ್ರಿಯೆಗೇ ಅಡ್ಡಬರುತ್ತವೆ. ಈ ವರ್ಗವನ್ನೂ ಸೆಫ್ಟ್ರಿಯಾಕ್ಸೋನ್‌ನಂಥ ಮೂರನೇ ತಲೆಮಾರಿನ ಸೆಫಲೋಸ್ಪೋರಿನ್‌ಗಳನ್ನೂ ವಿಶ್ವ ಆರೋಗ್ಯ ಸಂಸ್ಥೆ ಮಾನವ ಚಿಕಿತ್ಸೆಗೆ ಅತಿ ನಿರ್ಣಾಯಕವೆಂದು ಗುರುತಿಸಿದೆ. ಎನ್ರೋಫ್ಲಾಕ್ಸಸಿನ್ ಹಸುವಿನ ದೇಹದಲ್ಲಿ ಭಾಗಶಃ ಸಿಪ್ರೋಫ್ಲಾಕ್ಸಸಿನ್ ಆಗಿ ಮಾರ್ಪಡುತ್ತದೆ; ಮನುಷ್ಯರಿಗೆ ವೈದ್ಯರು ಬರೆದುಕೊಡುವುದೂ ಅದನ್ನೇ. ಒಂದಕ್ಕೆ ಮಣಿಯದ ರೋಗಾಣು ಇನ್ನೊಂದಕ್ಕೂ ಮಣಿಯದೆ ಹೋಗುತ್ತದೆ. ಆದ್ದರಿಂದಲೇ ಹಳೆಯ ಔಷಧಗಳನ್ನು ಮೊದಲು ಬಳಸಬೇಕು, ನಿರ್ಣಾಯಕ ವರ್ಗಗಳನ್ನು ಪರೀಕ್ಷೆಯ ನಂತರ, ಬೇರೆ ದಾರಿಯಿಲ್ಲದಾಗ ಮಾತ್ರ ಮುಟ್ಟಬೇಕು ಎಂಬ ನಿಯಮವಿರುವುದು.

ಕೊಟ್ಟಿಗೆಯಲ್ಲಿ ಈ ಕ್ರಮ ತಲೆಕೆಳಗಾಗಿದೆ. ಕೆಚ್ಚಲು ಬಾವು ಬಂದಾಗ ಹಾಲಿನ ಮಾದರಿ ಪರೀಕ್ಷಿಸಿ ಔಷಧ ಆರಿಸುವ ಸೌಲಭ್ಯ ಹಳ್ಳಿಗೆ ಎಟಕುವುದಿಲ್ಲ. ಹಾಗಾಗಿ ಬಲವಾದ ಚುಚ್ಚುಮದ್ದೇ ಮೊದಲ ಮದ್ದಾಗುತ್ತದೆ. ಹಸು ಒಂದೆರಡು ದಿನದಲ್ಲಿ ಚೇತರಿಸಿಕೊಂಡರೆ ಉಳಿದ ಪ್ರಮಾಣ ಕೊಡುವುದೇ ನಿಲ್ಲುತ್ತದೆ. ಕಾಲುಬಾಯಿ ಜ್ವರವೂ ಚರ್ಮಗಂಟು ರೋಗವೂ ವೈರಸ್‌ನಿಂದ ಬರುವಂಥವು. ಹುಣ್ಣಿಗೆ ಬ್ಯಾಕ್ಟೀರಿಯಾ ತಗುಲಿದ್ದರೆ ಹೊರತು ಅವುಗಳಿಗೆ ಈ ಔಷಧಗಳಿಂದ ಪ್ರಯೋಜನವಿಲ್ಲ. ಇದನ್ನು ತಿಳಿಹೇಳಬೇಕಾದ ಪಶುವೈದ್ಯರು ಬರುವ ಮೊದಲೇ ಅಂಗಡಿಯ ಮದ್ದು ಕೊಟ್ಟಿಗೆ ತಲುಪಿರುತ್ತದೆ.

ಇನ್ನು ಹಾಲಿನ ಮಾತು. 2012ರಲ್ಲಿ ತಿದ್ದುಪಡಿಯಾದ ಔಷಧ ಮತ್ತು ಪ್ರಸಾಧನ ನಿಯಮಗಳ ಪ್ರಕಾರ, ಆಹಾರಕ್ಕಾಗಿ ಸಾಕುವ ಪ್ರಾಣಿಗಳ ಔಷಧದ ಚೀಟಿಯ ಮೇಲೆ ಕಾಯಬೇಕಾದ ಅವಧಿ ಅಚ್ಚಾಗಿರಬೇಕು. ನಿರ್ದಿಷ್ಟ ಅವಧಿ ನಿರ್ಧಾರವಾಗದಿದ್ದಲ್ಲಿ ಹಾಲು, ಮೊಟ್ಟೆಗಳಿಗೆ ಕನಿಷ್ಠ 7 ದಿನ, ಮಾಂಸಕ್ಕೆ 28 ದಿನ. ಅಲ್ಲಿಯವರೆಗೆ ಅದು ಮನುಷ್ಯರ ಹೊಟ್ಟೆ ಸೇರಬಾರದು. ಕುದಿಸಿದರೂ ಇವುಗಳ ಉಳಿಕೆ ಬಹುಪಾಲು ನಾಶವಾಗುವುದಿಲ್ಲ. ಉಳಿಕೆ ಹೆಚ್ಚಿದ್ದರೆ ಹಾಲು ಸರಿಯಾಗಿ ಹೆಪ್ಪುಗಟ್ಟುವುದೂ ಇಲ್ಲ.

ಕಾನೂನು ಚೆನ್ನಾಗಿಯೇ ಇದೆ. ಆದರೆ ದಿನಕ್ಕೆ ಎಂಟು ಲೀಟರ್ ಕರೆಯುವ ಹಸುವಿಗೆ ಮೂರು ದಿನ ಚಿಕಿತ್ಸೆ, ಏಳು ದಿನ ಕಾಯುವಿಕೆ ಎಂದರೆ ಎಂಬತ್ತು ಲೀಟರ್ ಹಾಲು ಚೆಲ್ಲಬೇಕು. ಸಹಕಾರ ಸಂಘದ ಬೆಲೆಯಾಗಲಿ, ಸರ್ಕಾರದ ಪ್ರೋತ್ಸಾಹಧನವಾಗಲಿ ಸಿಗುವುದು ಡೈರಿಗೆ ಸುರಿದ ಹಾಲಿಗೆ ಮಾತ್ರ. ಪ್ರಾಮಾಣಿಕವಾಗಿ ಹಾಲು ತಡೆಹಿಡಿದವಳಿಗೆ ನಷ್ಟ. ಮರೆಮಾಚಿ ಸುರಿದವಳಿಗೆ ಹಣ. ಇಂಥ ಲೆಕ್ಕವನ್ನಿಟ್ಟುಕೊಂಡು ಯಾರಿಗೆ ನೀತಿಪಾಠ ಹೇಳುವುದು?

ಸರ್ಕಾರ ಕಣ್ಣು ತೆರೆಯುವುದೂ ತಡವಾಗಿಯೇ. ಕೊಲಿಸ್ಟಿನ್ ಎಂಬುದು ಬೇರಾವ ಔಷಧವೂ ನಾಟದ ರೋಗಿಗಳಿಗೆ ಕಾದಿರಿಸಿದ ಕೊನೆಯ ಅಸ್ತ್ರ. ಅದನ್ನು ಕೋಳಿಗಳು ಬೇಗ ಮೈತುಂಬಲೆಂದು ಮೇವಿನಲ್ಲಿ ಬೆರೆಸಲಾಗುತ್ತಿತ್ತು. ಕೊಲಿಸ್ಟಿನ್ನಿಗೆ ಮಣಿಯದ ಗುಣವನ್ನು ಒಂದು ಬ್ಯಾಕ್ಟೀರಿಯಾದಿಂದ ಇನ್ನೊಂದಕ್ಕೆ ದಾಟಿಸುವ ಎಂಸಿಆರ್-1 ಜೀನ್ 2015ರಲ್ಲಿ ಚೀನಾದಲ್ಲಿ ಪತ್ತೆಯಾಯಿತು. ಭಾರತ ಆಹಾರಪ್ರಾಣಿಗಳಲ್ಲಿ ಅದರ ಬಳಕೆಯನ್ನು ನಿಷೇಧಿಸಿದ್ದು 2019ರ ಜುಲೈನಲ್ಲಿ. ನಡುವಿನ ನಾಲ್ಕು ವರ್ಷ ಲಾಭ ಮಾಡಿಕೊಂಡವರು ಮಲೆನಾಡಿನ ಹಸು ಸಾಕುವವರಲ್ಲ.

ಆದರೂ ಅದರ ಪಾಲು ಘಟ್ಟ ಹತ್ತಿ ಬರುತ್ತದೆ. ಬಯಲುಸೀಮೆಯ ಕೋಳಿಗೊಬ್ಬರ ಲಾರಿಗಳಲ್ಲಿ ಬಂದು ಅಡಕೆ ತೋಟ, ಶುಂಠಿ ಗದ್ದೆಗಳಿಗೆ ಬೀಳುತ್ತದೆ. ಟೆಟ್ರಾಸೈಕ್ಲಿನ್‌ನಂಥ ಔಷಧಗಳ ಬಹುಭಾಗ ಪ್ರಾಣಿಯ ದೇಹದಲ್ಲಿ ಕರಗದೆ ಸಗಣಿ, ಗಂಜಳ, ಹಿಕ್ಕೆಗಳಲ್ಲೇ ಹೊರಬೀಳುತ್ತದೆ. ಮಳೆಗಾಲದ ಒಂದು ಜಡಿಮಳೆ ಸಾಕು, ಅದು ಹಳ್ಳ ಸೇರಿ ನದಿಗಿಳಿಯಲು. ಸೊಪ್ಪಿನ ಬೆಟ್ಟದಿಂದ ಕೊಟ್ಟಿಗೆಗೆ, ಕೊಟ್ಟಿಗೆಯಿಂದ ತೋಟಕ್ಕೆ ನಡೆದುಬಂದ ಗೊಬ್ಬರದ ಸರಣಿಯಲ್ಲಿ ಈಗ ಮದ್ದಿಗೆ ಜಗ್ಗದ ರೋಗಾಣುಗಳೂ ಸಂಚರಿಸಬಲ್ಲವು. ಇದು ಪಶುಸಂಗೋಪನೆಯ ವಿಷಯ, ಪರಿಸರದ್ದಲ್ಲ ಎನ್ನುವವರು ಈ ಸರಣಿಯನ್ನೊಮ್ಮೆ ನೋಡಲಿ.

ಆಗಬೇಕಾದದ್ದು ಅಸಾಧ್ಯವಾದುದೇನಲ್ಲ. ಪಶುವೈದ್ಯರ ಚೀಟಿ ತೋರಿಸಿ ಹಾಲು ತಡೆಹಿಡಿದವರಿಗೆ ಆ ದಿನಗಳ ಬೆಲೆಯನ್ನು ಹಾಲು ಒಕ್ಕೂಟಗಳೂ ಸರ್ಕಾರವೂ ಸೇರಿ ಭರಿಸಲಿ. ಪ್ರತಿ ತಾಲ್ಲೂಕಿನಲ್ಲಿ ಕೆಚ್ಚಲು ಬಾವಿನ ಹಾಲಿನ ಪರೀಕ್ಷೆ ಉಚಿತವಾಗಿ ಸಿಗಲಿ. ಖಾಲಿ ಬಿದ್ದಿರುವ ಪಶುವೈದ್ಯರ ಹುದ್ದೆಗಳು ತುಂಬಲಿ. ಚೀಟಿಯಿಲ್ಲದೆ ನಿರ್ಣಾಯಕ ಔಷಧ ಮಾರುವ ಅಂಗಡಿಯ ಮೇಲೆ ಕ್ರಮವಾಗಲಿ. ಕೋಳಿಗೊಬ್ಬರವನ್ನು ಚೆನ್ನಾಗಿ ಕೊಳೆಸದೆ ಮಾರದಂತೆ ನಿಯಮ ಬರಲಿ. ಕೊಟ್ಟಿಗೆಯ ನೆಲ ಒಣಗಿರುವುದು, ಕರೆಯುವ ಕೈ ಶುಚಿಯಾಗಿರುವುದು, ಕರೆದ ಮೇಲೆ ಮೊಲೆತೊಟ್ಟುಗಳನ್ನು ಸೋಂಕುನಾಶಕದಲ್ಲಿ ಅದ್ದುವುದು, ಇವು ಹಸು ಸಾಕುವವರ ಪಾಲಿನ ಕೆಲಸ. ಅದನ್ನು ಅವರು ಮಾಡಲೇಬೇಕು. ಏಳು ದಿನಗಳ ಹಾಲಿನ ಬೆಲೆ ಮಾತ್ರ ಆ ಹಾಲು ಕುಡಿಯುವ ಇಡೀ ಸಮಾಜದ ಪಾಲಿನದು. ಅದನ್ನು ಕೊಡಲೊಪ್ಪದವರಿಗೆ ಮುಂದಿನ ನವೆಂಬರ್‌ನಲ್ಲಿ ಭಾಷಣ ಮಾಡುವ ಅಧಿಕಾರವಿಲ್ಲ.