ಪರದೆಯ ಲೋಲಕ, ಮನೆಯ ಲೋಲಕ

ದಾರಕ್ಕೆ ಗುಂಡೊಂದನ್ನು ಕಟ್ಟಿ ತೂಗಬಿಟ್ಟರೆ ಅದು ಲೋಲಕವೆನಿಸುವುದು. ಗುಂಡಿನ ತೂಕವನ್ನು ಇಮ್ಮಡಿಗೊಳಿಸಿದರೆ ಲೋಲಕವು ಬೇಗ ತೂಗುವುದೋ, ನಿಧಾನವಾಗಿ ತೂಗುವುದೋ? ಹೀಗೆ ಕೇಳಿದರೆ ನಮ್ಮ ಮಕ್ಕಳಲ್ಲಿ ಅನೇಕರು ಸೂತ್ರವನ್ನು ತಡವರಿಸದೆ ಒಪ್ಪಿಸುವರು, ಆದರೆ ಉತ್ತರಕ್ಕೆ ತಡವರಿಸುವರು. ಆ ಸೂತ್ರದಲ್ಲಿ ತೂಕದ ಪ್ರಸ್ತಾಪವೇ ಇಲ್ಲವೆಂಬುದು ಅವರ ಗಮನಕ್ಕೆ ಬಂದಿರುವುದಿಲ್ಲ. ಕಂಠಪಾಠವು ಪರೀಕ್ಷೆಯನ್ನು ದಾಟಿಸಬಲ್ಲುದು, ಅರಿವನ್ನು ನೀಡಲಾರದು.

ಈ ಕೊರತೆಯನ್ನು ನೀಗಲು ನೆರವಾಗುವ ಸಾಧನವೊಂದು ಈಗ ಮನೆಗಳಿಗೂ ಎಟುಕುವಂತಿದೆ. 2001ರ ಭೌತವಿಜ್ಞಾನದ ನೊಬೆಲ್ ಪ್ರಶಸ್ತಿಯನ್ನು ಹಂಚಿಕೊಂಡ ಅಮೆರಿಕದ ಕಾರ್ಲ್ ವೀಮನ್ ಅವರು 2002ರಲ್ಲಿ ಕೊಲರಾಡೋ ವಿಶ್ವವಿದ್ಯಾಲಯದಲ್ಲಿ ‘ಫೆಟ್’ ಎಂಬ ಯೋಜನೆಯನ್ನು ಆರಂಭಿಸಿದರು. ಗಣಿತ, ವಿಜ್ಞಾನಗಳ ಪ್ರಯೋಗಗಳನ್ನು ಮಕ್ಕಳು ಕಂಪ್ಯೂಟರ್ ಪರದೆಯ ಮೇಲೆ ತಾವೇ ನಡೆಸುವಂತೆ ರಚಿಸಿದ ಈ ಸಿಮ್ಯುಲೇಷನ್‌ಗಳು ಅಂತರ್ಜಾಲದಲ್ಲಿ ಉಚಿತವಾಗಿ ದೊರೆಯುತ್ತವೆ. ಕೆಲವು ಕನ್ನಡದಲ್ಲಿಯೂ ಇವೆ.

ಪರದೆಯ ಲೋಲಕದಲ್ಲಿ ಮಗು ತೂಕವನ್ನು ಹೆಚ್ಚಿಸಿ ನೋಡುತ್ತದೆ. ಒಂದು ತೂಗಿಗೆ ಹಿಡಿಯುವ ಕಾಲ ಬದಲಾಗದು. ದಾರದ ಉದ್ದವನ್ನು 25 ಸೆಂಟಿಮೀಟರಿನಿಂದ 1 ಮೀಟರಿಗೆ ಏರಿಸಿದರೆ, ಸುಮಾರು 1 ಸೆಕೆಂಡಿದ್ದ ಕಾಲವು 2 ಸೆಕೆಂಡಾಗುತ್ತದೆ. ಉದ್ದ ನಾಲ್ಮಡಿಯಾದಾಗ ಕಾಲ ಇಮ್ಮಡಿ! ವರ್ಗಮೂಲವೆಂಬುದು ಇಲ್ಲಿ ಕಣ್ಣಿಗೆ ಕಾಣುವ ಸಂಗತಿಯಾಗುತ್ತದೆ. ಅದೇ ಲೋಲಕವನ್ನು ಚಂದ್ರನ ಗುರುತ್ವಕ್ಕೆ ಒಯ್ದರೆ ಒಂದು ತೂಗಿಗೆ ಸುಮಾರು 5 ಸೆಕೆಂಡು ಬೇಕು. ಇದನ್ನು ಯಾವ ಶಾಲೆಯ ಪ್ರಯೋಗಶಾಲೆಯೂ ತೋರಿಸಲಾರದು.

ಪರದೆಯಲ್ಲಿ ಕಲಿತದ್ದು ಕೈಗೆ ಒದಗುವುದೇ ಎಂಬ ಸಂಶಯ ಸಹಜ. 2005ರಲ್ಲಿ ಪ್ರಕಟವಾದ ಇದೇ ವಿಶ್ವವಿದ್ಯಾಲಯದ ಅಧ್ಯಯನವೊಂದರಲ್ಲಿ, ವಿದ್ಯುನ್ಮಂಡಲಗಳನ್ನು ಪರದೆಯ ಮೇಲೆ ಕಲಿತ ವಿದ್ಯಾರ್ಥಿಗಳು ನಿಜವಾದ ಮಂಡಲವನ್ನು ಜೋಡಿಸುವುದರಲ್ಲಿಯೂ ಮುಂದಿದ್ದರು. ನಿಜವಾದ ತಂತಿಯೊಳಗೆ ಕಾಣದ ಎಲೆಕ್ಟ್ರಾನುಗಳ ಹರಿವನ್ನು ಪರದೆಯು ಕಾಣಿಸುತ್ತದೆ.

ಆದರೆ ಸಾಧನವು ತಾನಾಗಿ ಗುರುವಾಗದು. ಗೊತ್ತುಗುರಿಯಿಲ್ಲದೆ ಬೆರಳಾಡಿಸಿದರೆ ಅದು ಇನ್ನೊಂದು ಆಟವಷ್ಟೇ. ಆದ್ದರಿಂದ ತಾಯಿತಂದೆಯರು ಮೂರು ನಿಯಮಗಳನ್ನು ಪಾಲಿಸುವುದು ಲೇಸು. ಮೊದಲನೆಯದು, ಏನಾಗಬಹುದೆಂದು ಮಗು ಮುಂಚೆಯೇ ಬರೆದಿಡಲಿ. ಎರಡನೆಯದು, ಒಮ್ಮೆಗೆ ಒಂದನ್ನೇ ಬದಲಿಸಲಿ. ಮೂರನೆಯದು, ಪರದೆಯನ್ನು ಆರಿಸಿದ ಬಳಿಕ 1 ಮೀಟರ್ ದಾರಕ್ಕೆ ಸಣ್ಣ ಕಲ್ಲೊಂದನ್ನು ಕಟ್ಟಿ, ಸ್ವಲ್ಪವೇ ಸರಿಸಿ ಬಿಟ್ಟು, ಹತ್ತು ತೂಗುಗಳನ್ನು ಎಣಿಸಲಿ. ಗಡಿಯಾರವು ಸುಮಾರು 20 ಸೆಕೆಂಡುಗಳನ್ನು ತೋರಿಸಬೇಕು. ವಿದ್ಯುತ್ತಿನ ಪ್ರಯೋಗವಾದರೆ ಟಾರ್ಚಿನ ಸೆಲ್ ಮತ್ತು ಪುಟ್ಟ ಬಲ್ಬು ಸಾಕು; ಮನೆಯ ವಿದ್ಯುತ್ತನ್ನು ಎಂದಿಗೂ ಮುಟ್ಟಕೂಡದು.

ಪರದೆಯ ಲೋಲಕವನ್ನು ಘರ್ಷಣೆಯಿಲ್ಲದೆ ನಿರಂತರ ತೂಗಿಸಬಹುದು. ಮನೆಯ ಲೋಲಕವಾದರೋ ಕ್ರಮೇಣ ನಿಲ್ಲುತ್ತದೆ. ‘ಇದೇಕೆ ನಿಂತಿತು?’ ಎಂದು ಮಗು ಕೇಳಿದರೆ ಉತ್ತರಿಸಲು ಅವಸರಪಡಬೇಡಿ. ‘ನಿನಗೇನೆನ್ನಿಸುತ್ತದೆ?’ ಎಂದು ಮರಳಿ ಕೇಳಿರಿ. ಅದಕ್ಕೆ ಪದವಿ ಬೇಡ, ಮಗುವಿನ ಪಕ್ಕದಲ್ಲಿ ಕುಳಿತುಕೊಳ್ಳುವ ಬಿಡುವು ಬೇಕು.