ಕತ್ತರಿಯ ಕೆಲಸ ಎಲಾಸ್ಟಿಕ್ಕಿಗೆ ಯಾಕೆ?

ನನ್ನ ಒಳಉಡುಪು ನಾನೇ ಹೊಲಿದುಕೊಳ್ಳುತ್ತೇನೆ. ಆಫೀಸಿನ ಊಟದ ಟೇಬಲ್ಲಿನಲ್ಲಿ ಇದನ್ನು ಹೇಳಿದರೆ ಮೊದಲು ನಗು ಬರುತ್ತೆ, ಆಮೇಲೆ ಲೆಕ್ಕ ಬರುತ್ತೆ. ನಿನ್ನ ಒಂದು ತಾಸಿನ ಸಂಬಳ ಎಷ್ಟು, ಮೂರು ಚಡ್ಡಿಯ ಪ್ಯಾಕಿಗೆ ಎಷ್ಟು, ಭಾನುವಾರದ ಮಧ್ಯಾಹ್ನ ಪೂರ್ತಿ ಸುಟ್ಟು ಉಳಿಸಿದ್ದೆಷ್ಟು? ಲೆಕ್ಕ ಸರಿಯಾಗಿಯೇ ಇದೆ, ಪ್ರಶ್ನೆ ಸರಿಯಿಲ್ಲ. ನಾನು ಉಳಿತಾಯಕ್ಕೆ ಹೊಲಿಯೋದಿಲ್ಲ. ಹತ್ತು ತಾಸು ಕುರ್ಚಿಯಲ್ಲಿ ಕೂತು ಎದ್ದ ಮೇಲೆ ಸೊಂಟದ ಸುತ್ತ, ತೊಡೆಸಂದಿಯಲ್ಲಿ, ಎದೆಯ ಕೆಳಗೆ ಒಂದು ಕೆಂಪು ಗೆರೆ ಬಿದ್ದಿರುತ್ತಲ್ಲ, ಅದು ಬೇಡ ಅಂತ ಹೊಲಿಯುತ್ತೇನೆ. ಪಿಜಿಗೋ ಮನೆಗೋ ಬಂದು ಬಾಗಿಲು ಹಾಕಿಕೊಂಡ ಕೂಡಲೇ ಮೊದಲು ಬಿಚ್ಚಿ ಎಸೆಯೋದು ಯಾವುದು ಅಂತ ನಮಗೆಲ್ಲ ಗೊತ್ತು. ವರ್ಷಗಟ್ಟಲೆ ದಿನಾ ಎಸೆಯುತ್ತೇವೆ. ಆದರೂ ಬಟ್ಟೆ ಸರಿಯಿಲ್ಲ ಅಂತ ಯಾರಿಗೂ ಅನಿಸೋದಿಲ್ಲ. "ನಾನು ದಪ್ಪ ಆದೆ" ಅಂತ ಅನಿಸುತ್ತೆ. ಈ ಒಂದು ತಿಳಿವಳಿಕೆಯ ಮೇಲೆ ಅಂಗಡಿಗಳು ಎಷ್ಟು ದುಡ್ಡು ಮಾಡಿವೆಯೋ!

ಬಟ್ಟೆ ಮೈಗೆ ಹೊಂದೋದು ಎರಡು ಥರ. ಒಂದು, ಅಳತೆ ತಗೊಂಡು ಮೈಯ ಆಕಾರಕ್ಕೆ ಕತ್ತರಿಸಿದಾಗ. ಇನ್ನೊಂದು, ಅಳತೆಯ ಗೊಡವೆಗೇ ಹೋಗದೆ ಹಿಗ್ಗುವ ದಾರ ಸೇರಿಸಿ ನೇಯ್ದಾಗ. ಎರಡನೆಯದಕ್ಕೆ ದಾರಿ ಮಾಡಿಕೊಟ್ಟದ್ದು 1958ರಲ್ಲಿ ಅಮೆರಿಕದ ಡ್ಯುಪಾಂಟ್ ಕಂಪನಿಯಲ್ಲಿ ಜೋಸೆಫ್ ಶಿವರ್ಸ್ ಕಂಡುಹಿಡಿದ ಸ್ಪ್ಯಾಂಡೆಕ್ಸ್. ಅದು ಕೆಟ್ಟ ವಸ್ತು ಅಂತ ನಾನು ಹೇಳ್ತಿಲ್ಲ. ಈಜುವವರನ್ನು, ಓಡುವವರನ್ನು ಕೇಳಿ ನೋಡಿ. ಆದರೆ ಮಾರುವವರಿಗೆ ಅದರಿಂದ ಆದ ಅನುಕೂಲ ಬೇರೆ. ಐದು ಮೈಗೆ ಐದು ಅಳತೆ ಕತ್ತರಿಸೋ ಬದಲು ಒಂದನ್ನೇ ಕತ್ತರಿಸಿ "ಹಿಗ್ಗುತ್ತೆ ಬಿಡ್ರೀ" ಅನ್ನಬಹುದು. ಹಿಗ್ಗುತ್ತೆ, ನಿಜ. ಹಿಗ್ಗಿದ್ದು ವಾಪಸ್ ಎಳೆಯುತ್ತೆ, ಅದೂ ನಿಜ. ಆ ಎಳೆತದ ಬಿಲ್ಲು ಕಟ್ಟೋದು ನಮ್ಮ ಚರ್ಮ.

ಇನ್ನು ಎಸ್, ಎಂ, ಎಲ್. ಒಂದು ನಡು ಅಳತೆಯ ನಮೂನೆ ಮಾಡಿ, ಅದಕ್ಕೆ ಎಲ್ಲ ಕಡೆ ಇಂತಿಷ್ಟು ಅಂತ ಕೂಡಿಸಿ, ಕಳೆದು ಉಳಿದ ಸೈಜುಗಳನ್ನು ಮಾಡ್ತಾರೆ. ನಮ್ಮ ಭಾಷೆಯಲ್ಲಿ ಹೇಳೋದಾದರೆ ಹಾರ್ಡ್‌ಕೋಡ್ ಮಾಡಿಟ್ಟಿದ್ದಾರೆ. ಎದೆ ಅಗಲ ಇದ್ದವಳಿಗೆ ಭುಜವೂ ಅಷ್ಟೇ ಅಗಲ, ಸೊಂಟ ದೊಡ್ಡದಿದ್ದವಳಿಗೆ ತೊಡೆಯೂ ಅಷ್ಟೇ ದೊಡ್ಡದು ಅಂತ ಅವರ ಕೋಡು. ಯಾವ ಹೆಂಗಸು ಹಾಗಿರ್ತಾಳೆ? ಅದೂ ನಡು ಅಳತೆಯೇ ನಮ್ಮದಲ್ಲ. ನಮ್ಮ ರೆಡಿಮೇಡ್ ಬಟ್ಟೆಗಳು ಹೆಚ್ಚಾಗಿ ನಡೆದುಕೊಂಡು ಬಂದದ್ದು ಅಮೆರಿಕ, ಬ್ರಿಟನ್ನಿನ ಪಟ್ಟಿಗಳ ಮೇಲೆ. ನಮ್ಮದೇ ಪಟ್ಟಿ ಬೇಕು ಅಂತ ನಿಫ್ಟ್ ಸಂಸ್ಥೆ ಇಂಡಿಯಾಸೈಜ್ ಅನ್ನುವ ಸಮೀಕ್ಷೆ ಕೈಗೆತ್ತಿಕೊಂಡಿತು. ಆರು ನಗರಗಳಲ್ಲಿ 25,000 ಜನರ ಮೈಯನ್ನು ಸ್ಕ್ಯಾನರಿನಲ್ಲಿ ಅಳೆಯುವ ಯೋಜನೆ. ಬೆಂಗಳೂರು ಆ ಆರರಲ್ಲಿ ಒಂದು. ಒಳ್ಳೆಯದೇ. ಆದರೆ ನನ್ನ ಮೈ ಅಳೆಯೋಕೆ ಸ್ಕ್ಯಾನರ್ ಬೇಕಿಲ್ಲ, ಹತ್ತು ರೂಪಾಯಿಯ ಟೇಪು ಸಾಕು.

ನಾನು ಕನಕಗಿರಿ ಸೀಮೆಯ ಹಳ್ಳಿಯವಳು. ನಮ್ಮಜ್ಜಿ ಉಟ್ಟದ್ದು ಇಳಕಲ್ ಸೀರೆ, ತೊಟ್ಟದ್ದು ಗುಳೇದಗುಡ್ಡದ ಖಣದ ಕುಬಸ. ಆ ಕುಬಸವನ್ನು ಬಿಚ್ಚಿ ನೋಡಿದ ಮೇಲೆಯೇ ಒಂದು ಉಡುಪು ಹೇಗೆ ಯೋಚನೆ ಮಾಡುತ್ತೆ ಅಂತ ನನಗೆ ತಿಳಿದದ್ದು. ಎದೆಗೆ ಬೇರೆ ತುಂಡು, ಅದರ ಕೆಳಗೆ ಪಟ್ಟಿ, ತೋಳು ಬೇರೆ, ಕಂಕುಳಲ್ಲಿ ಒಂದು ಪುಟ್ಟ ಚೌಕ. ಕೈ ಎತ್ತಿ ಕೊಡ ಹೊತ್ತರೂ, ರೊಟ್ಟಿ ತಟ್ಟಿದರೂ ಬಟ್ಟೆ ಹಿಡಿಯಬಾರದು ಅಂತ ಆ ಚೌಕ. ಮುಂದೆ ಗುಂಡಿ ಇಲ್ಲ, ಗಂಟು. ಹೊಟ್ಟೆ ತುಂಬ ಉಂಡ ದಿನ ಗಂಟು ಸಡಿಲ, ಉಪವಾಸದ ದಿನ ಬಿಗಿ. ಒಂದು ಎಳೆ ಎಲಾಸ್ಟಿಕ್ಕೂ ಇಲ್ಲದೆ ದಿನಾ ಮೈಗೆ ಹೊಂದುತ್ತಿದ್ದ ಬಟ್ಟೆ ಅದು. ನಮ್ಮ ಕಡೆ ಸೀಮಂತಕ್ಕೆ ಹೆಸರೇ ಕುಬಸ. "ಮಗಳಿಗೆ ಕುಬಸ ಮಾಡೀವಿ ಬರ್ರಿ" ಅಂತಲೇ ಕರೆಯೋದು. ಅಂದರೆ ಬಸುರಿಯಾಗಿ ಮೈ ಬದಲಾದರೆ ಬಟ್ಟೆಯನ್ನು ಹೊಸದಾಗಿ ಕೊಡಬೇಕು ಅಂತ ತವರಿಗೆ ಗೊತ್ತಿತ್ತು. ಮೈಯನ್ನು ಹಳೆಯ ಬಟ್ಟೆಗೆ ವಾಪಸ್ ತರೋಕೆ ಹೆರಿಗೆಯಾದ ಮೂರನೇ ತಿಂಗಳಿಗೇ ಜಿಮ್ಮಿಗೆ ಓಡಿಸುತ್ತಿರಲಿಲ್ಲ.

ಅಜ್ಜಿಯ ಕಾಲ ಸ್ವರ್ಗ ಅಂತ ಯಾರೂ ತಿಳಕೋಬೇಡಿ. ಆಕೆಗೆ ಇದ್ದದ್ದೇ ಎರಡು ಕುಬಸ. ಸೀರೆಯ ಒಳಗೆ ಏನೂ ಇರಲಿಲ್ಲ, ತಿಂಗಳ ಆ ನಾಲ್ಕು ದಿನ ಹಳೇ ಬಟ್ಟೆಯೇ ಗತಿ. ಚಡ್ಡಿ ಬಂದದ್ದು ಒಳ್ಳೆಯದಾಯಿತು. ಬರುವಾಗ ಅಳತೆಯನ್ನು ಹೊರಗೆ ಬಿಟ್ಟು ಬಂತಲ್ಲ, ತಕರಾರು ಅಷ್ಟೇ.

ಕಣ್ಣಿದ್ದವರು ಕನಕಗಿರಿ ನೋಡಬೇಕು, ಕಾಲಿದ್ದವರು ಹಂಪಿ ನೋಡಬೇಕು ಅಂತ ಗಾದೆ ಇದೆ. ಬಂದವರು ಕನಕಾಚಲಪತಿ ಗುಡಿ ನೋಡಿ ಹೋಗ್ತಾರೆ. ಕಣ್ಣಿದ್ದವರು ಮನೆಗಳ ಹಿತ್ತಲ ತಂತಿಯನ್ನೂ ಒಮ್ಮೆ ನೋಡಬೇಕು. ಗಂಡಸರ ಬನಿಯನ್ನು, ಪಟ್ಟಾಪಟ್ಟಿ ಚಡ್ಡಿ ರಾಜಾರೋಷವಾಗಿ ಬಿಸಿಲು ಕಾಯ್ತಿರ್ತಾವೆ. ಹೆಂಗಸರದು ಸೀರೆಯ ಕೆಳಗೋ ಟವೆಲ್ಲಿನ ಕೆಳಗೋ ಅರ್ಧ ಒಣಗಿ, ಅರ್ಧ ಹಸಿಯಾಗಿ ಅಡಗಿರುತ್ತೆ. ಕೊಳ್ಳುವಾಗಲೂ ಅದೇ ಕಥೆ. ಗಂಗಾವತಿ ಪೇಟೆಯ ಅಂಗಡಿಯಲ್ಲಿ ಕೌಂಟರಿನ ಆಚೆ ಗಂಡಸು, ಈಚೆ ತಲೆ ತಗ್ಗಿಸಿದ ಅವ್ವ. ಆತ ಒಮ್ಮೆ ಕಣ್ಣಲ್ಲೇ ಅಳೆದು ಒಂದು ಡಬ್ಬಿ ತೆಗೆದು ಪೇಪರಿನಲ್ಲಿ ಸುತ್ತಿ ಕೊಡ್ತಾನೆ. ಹಾಕಿ ನೋಡೋದು, ಬದಲಿಸಿಕೊಳ್ಳೋದು ಮಾತೇ ಇಲ್ಲ. ನಾಚಿಕೆಯ ಈ ವ್ಯಾಪಾರದಲ್ಲಿ ಅಳತೆ ತಪ್ಪಿದ ಮಾಲು ಒಂದೂ ಅಂಗಡಿಗೆ ವಾಪಸ್ ಬರೋದಿಲ್ಲ.

ಅದನ್ನು ತೊಟ್ಟು ಆಕೆ ಹೋಗೋದು ಎಸಿ ಆಫೀಸಿಗಲ್ಲ. ತುಂಗಭದ್ರಾ ಎಡದಂಡೆ ಕಾಲುವೆಯ ನೀರು ಹರಿದ ಗದ್ದೆಗಳಲ್ಲಿ ಸೊಂಟ ಬಗ್ಗಿಸಿ ಭತ್ತ ನಾಟಿ ಮಾಡುವ ಹೆಂಗಸರನ್ನು ನೋಡಿದ್ದೀರಾ? ಸೀರೆಯ ಮೇಲೆ ಗಂಡಸರ ಶರ್ಟು, ಮೊಣಕಾಲವರೆಗೆ ಕೆಸರು. ಒಳಗೆ ನೈಲಾನು, ಬೆವರು, ಬಿಗಿ ಎಲಾಸ್ಟಿಕ್ಕು. ಎಲಾಸ್ಟಿಕ್ ಕೂತ ಜಾಗದಲ್ಲೇ ಕಜ್ಜಿ ಏಳುತ್ತೆ. ಕೆರೆದು ಗಾಯ ಮಾಡಿಕೊಳ್ತಾರೆ. ಮೆಡಿಕಲ್ ಶಾಪಿನಲ್ಲಿ ಬಾಯಿ ಬಿಟ್ಟು ಹೇಳದೆ ಯಾವುದೋ ಮುಲಾಮು ತಂದು ಹಚ್ಚಿಕೊಳ್ತಾರೆ. ಮುಂದಿನ ವರ್ಷವೂ ಅದೇ ಡಬ್ಬಿ, ಅದೇ ಮುಲಾಮು. ಚೆನ್ನಾಗಿ ಒಣಗಿದ, ಸಡಿಲಾದ, ಹತ್ತಿಯ ಚಡ್ಡಿ ತಡೆಯಬಹುದಾದ ಕಾಯಿಲೆ ಇದು.

ತಮಾಷೆ ಏನು ಅಂದ್ರೆ, ಇದನ್ನು ಹೊಲಿಯಬಲ್ಲವರು ಊರೂರಲ್ಲಿ ಇದ್ದಾರೆ. ಕಟೋರಿ ಬ್ಲೌಸ್ ಹೊಲಿಯುವ ಹೆಣ್ಣುಮಗಳಿಗೆ ಬ್ರಾ ಹೊಲಿಯೋ ವಿದ್ಯೆ ಮುಕ್ಕಾಲು ಪಾಲು ಬಂದಿದೆ ಅಂತಲೇ ಲೆಕ್ಕ. ಚಪ್ಪಟೆ ಬಟ್ಟೆಯನ್ನು ಬಟ್ಟಲು ಮಾಡೋದೇ ಅದರ ಕಷ್ಟದ ಭಾಗ. ಹೊಲಿಗೆ ತರಬೇತಿಗಳಿಗೂ ಬರವಿಲ್ಲ. 2023ರಲ್ಲಿ ಶುರುವಾದ ಪಿಎಂ ವಿಶ್ವಕರ್ಮದ 18 ಕಸುಬುಗಳಲ್ಲಿ ದರ್ಜಿಯದೂ ಇದೆ, ಸಾಮಗ್ರಿಗೆ 15,000 ರೂಪಾಯಿವರೆಗೆ ನೆರವೂ ಇದೆ. ಆದರೆ ನಾನು ಕಂಡ ತರಬೇತಿಗಳಲ್ಲೆಲ್ಲ ಬ್ಲೌಸು, ಚೂಡಿದಾರ, ಮಗುವಿನ ಫ್ರಾಕು, ಅಲ್ಲಿಗೆ ಮುಗೀತು. ಹೊರಗೆ ಕಾಣುವ ಬಟ್ಟೆಗೆ ಸರ್ಟಿಫಿಕೇಟು, ಮೈಗೆ ತಾಗುವ ಬಟ್ಟೆಗೆ ಮೌನ.

"ಅದೆಲ್ಲ ಫ್ಯಾಕ್ಟರಿ ಮಾಲು, ಮನೆಯಲ್ಲಿ ಆಗಲ್ಲ" ಅನ್ನೋರಿಗೆ ಮೇರಿ ಫೆಲ್ಪ್ಸ್ ಜೇಕಬ್ ಕಥೆ ಹೇಳ್ತೀನಿ. ನ್ಯೂಯಾರ್ಕಿನ ಈ ಹುಡುಗಿ ಪಾರ್ಟಿಗೆ ಹೊರಟಾಗ ಕಾರ್ಸೆಟ್ಟಿನ ಕಡ್ಡಿಗಳು ಗೌನಿನಿಂದ ಎದ್ದು ಕಾಣ್ತಿದ್ದವು. ಕೆಲಸದಾಕೆಯನ್ನು ಕರೆದು ಎರಡು ಕರ್ಚೀಫು, ಒಂದಿಷ್ಟು ರಿಬ್ಬನ್ನು ಸೇರಿಸಿ ಮನೆಯಲ್ಲೇ ಹೊಲಿದುಕೊಂಡಳು. 1914ರ ನವೆಂಬರಿನಲ್ಲಿ ಅದಕ್ಕೆ ಅಮೆರಿಕದ ಪೇಟೆಂಟ್ ಸಿಕ್ಕಿತು. ಆಮೇಲೆ ಆ ಹಕ್ಕನ್ನು ಒಂದು ಕಾರ್ಸೆಟ್ ಕಂಪನಿಗೆ 1,500 ಡಾಲರಿಗೆ ಮಾರಿದಳು. ಮನೆಯಿಂದ ಫ್ಯಾಕ್ಟರಿಗೆ ಹೋದದ್ದನ್ನು ಮನೆಗೆ ವಾಪಸ್ ತರೋಕೆ ಏನು ಕಷ್ಟ?

ಚಡ್ಡಿ ಅಂದರೆ ಮುಂದೆ ಒಂದು, ಹಿಂದೆ ಒಂದು, ನಡುವೆ ಎರಡು ಪದರದ ಹತ್ತಿ ಪಟ್ಟಿ, ಇಷ್ಟೇ. ನಿಮಗೆ ಸರಿಹೋಗುವ ಹಳೆಯದೊಂದಿದ್ದರೆ ಹೊಲಿಗೆ ಬಿಚ್ಚಿ ಪೇಪರಿನ ಮೇಲಿಟ್ಟು ಗೆರೆ ಎಳೆಯಿರಿ, ನಮೂನೆ ಸಿಕ್ಕಿತು. ಬಟ್ಟೆಗೆ ಕಂಪನಿಯ ಟೀಮ್ ಔಟಿಂಗುಗಳಲ್ಲಿ ಕೊಟ್ಟ ಟೀ ಶರ್ಟುಗಳಿವೆ, ಬೇರೆ ಯಾವುದಕ್ಕೂ ಬಾರದವು. ಮೊದಲು ಒಂದು ದಾರ ಎಳೆದು ಸುಡಿ: ಕಾಗದದಂತೆ ಉರಿದು ಬೂದಿಯಾದರೆ ಹತ್ತಿ, ಕರಗಿ ಮಣಿ ಕಟ್ಟಿದರೆ ಪಾಲಿಯೆಸ್ಟರ್. ಬಟ್ಟೆ ಹಿಗ್ಗುವ ದಿಕ್ಕು ಸೊಂಟದ ಸುತ್ತ ಬರಲಿ. 32 ಇಂಚು ಸೊಂಟಕ್ಕೆ 28-29 ಇಂಚಿನ ಮೆತ್ತನೆ ಎಲಾಸ್ಟಿಕ್ ಸಾಕು, ಹಾಕಿಕೊಂಡು ನೋಡಿ ಅರ್ಧ ಇಂಚು ಬಿಡೋದು ಹಿಡಿಯೋದು ನಿಮ್ಮ ಕೈಯಲ್ಲಿದೆ. ಅಂಗಡಿಯ ಯಾವ ಡಬ್ಬಿಯಲ್ಲೂ ಈ ಅರ್ಧ ಇಂಚು ಸಿಗೋದಿಲ್ಲ. ಟೀ ಶರ್ಟ್ ಬಟ್ಟೆಗೆ ಜಿಗ್‌ಜಾಗ್ ಹೊಲಿಗೆ, ಮೊಂಡುತುದಿಯ ಸೂಜಿ ಬೇಕು. ನೇರ ಹೊಲಿಗೆ ಎಳೆದರೆ ಪಟಪಟ ಹರಿಯುತ್ತೆ.

ಅವ್ವನ ಕರಿ ಕಾಲುಮಷೀನಿನಲ್ಲಿ ನೇರ ಹೊಲಿಗೆ ಮಾತ್ರ ಅನ್ನೋದಾದರೆ ಕ್ಯಾಮಿಸೋಲಿನಿಂದ ಶುರು ಮಾಡಿ. ಉಡಿ ತುಂಬುವಾಗ ಕೊಟ್ಟ ಜಂಪರ್ ಪೀಸುಗಳು ನಮ್ಮ ಟ್ರಂಕಿನಲ್ಲಿ ಎಷ್ಟಿವೆ! ಅದರಲ್ಲಿ ಟೂ ಬೈ ಟೂ ರೂಬಿಯಾ ಆರಿಸಿಕೊಳ್ಳಿ. ಪಾಲಿಯೆಸ್ಟರಿನದು ಹಾಗೇ ಮುಂದಿನ ಮನೆಯ ಉಡಿಗೆ ಹೋಗಲಿ, ಅದರ ಪ್ರಯಾಣ ನಾವ್ಯಾಕೆ ತಡೆಯಬೇಕು. ಬಟ್ಟೆಯನ್ನು ಕ್ರಾಸ್ ಇಟ್ಟು ಕತ್ತರಿಸಿದರೆ ರಬ್ಬರಿಲ್ಲದೆಯೂ ಅದು ಮೈಯ ಜೊತೆ ಬಾಗುತ್ತೆ. ಪೀಸು ಸಣ್ಣದಾದರೆ ಎರಡು ಬಣ್ಣ ಜೋಡಿಸಿ, ಒಳಗೆ ಯಾರು ನೋಡ್ತಾರೆ.

ನಾವು ಮನೆಯಲ್ಲಿ ಹೊಲಿದರೆ ಗಾರ್ಮೆಂಟ್ಸ್ ಹೆಣ್ಣುಮಕ್ಕಳ ಹೊಟ್ಟೆಪಾಡು ಏನಾಗಬೇಕು ಅಂತ ಗೆಳೆಯನೊಬ್ಬ ಕೇಳಿದ. ಬೆಂಗಳೂರಿನ ಆ ಫ್ಯಾಕ್ಟರಿಗಳಲ್ಲಿ ನಮ್ಮ ಕಡೆಯ ಹುಡುಗಿಯರೂ ಇದ್ದಾರೆ. ಅಲ್ಲಿ ಒಬ್ಬಳು ಇಡೀ ದಿನ ಕೂಡಿಸೋದು ಒಂದೇ ಪಕ್ಕೆ ಹೊಲಿಗೆ, ತಾಸಿಗೆ ಇಷ್ಟು ಪೀಸು ಅಂತ ಟಾರ್ಗೆಟ್ಟು. 2016ರ ಏಪ್ರಿಲಿನಲ್ಲಿ ಪಿಎಫ್ ದುಡ್ಡಿಗೆ ಕಲ್ಲು ಬಿದ್ದಾಗ ಅವರು ಹೊಸೂರು ರಸ್ತೆಗೆ ಇಳಿದದ್ದು ನೆನಪಿದೆಯಲ್ಲ. ಅವರ ಪರವಾಗಿ ಮಾತಾಡೋಕೆ ಸಂಬಳ ಇದೆ, ಪಿಎಫ್ ಇದೆ, ಟಾರ್ಗೆಟ್ಟಿದೆ. ನನ್ನ ಸೊಂಟದ ಕೆಂಪು ಗೆರೆಯಿಂದ ಅವರ ಕೂಲಿ ಒಂದು ರೂಪಾಯಿಯೂ ಏರೋದಿಲ್ಲ.

ಹೊಲಿಯೋಕೆ ನಿಜಕ್ಕೂ ಟೈಮಿಲ್ಲದವರು ಹೊಲಿಸಿ. ಬ್ಲೌಸಿಗೆ ಅಳತೆ ಕೊಡ್ತೀವಲ್ಲ, ಹಾಗೇ. ಊರಲ್ಲಿ ನನಗೆ ಗೊತ್ತಿರುವ ಒಬ್ಬ ದರ್ಜಿ ಹೆಣ್ಣುಮಗಳು ಈಗ ನನ್ನ ನಮೂನೆ ನೋಡಿ ಕ್ಯಾಮಿಸೋಲು, ಚಡ್ಡಿ ಎರಡನ್ನೂ ಹೊಲಿಯುತ್ತಾಳೆ. ನಾಟಿಗೆ ಹೋಗುವವರು ನಾಲ್ಕೈದು ಜನ ಸಂಜೆ ಹೊತ್ತಲ್ಲಿ ಬಂದು ಹೊಲಿಸಿಕೊಂಡು ಹೋಗಿದ್ದಾರೆ, ಸೆರಗಿನಲ್ಲಿ ಮುಚ್ಚಿಕೊಂಡೇ. ಬಾಗಿಲ ಮೇಲಿನ ಬೋರ್ಡಿನಲ್ಲಿ ಬ್ಲೌಸ್, ಫಾಲ್, ಪಿಕೋ ಅಂತಿದೆ. ಅದರ ಕೆಳಗೆ ಇದನ್ನೂ ಬರೆಸು, ಪೇಂಟರಿನ ಖರ್ಚು ನನ್ನದು ಅಂದಿದ್ದೇನೆ. "ಊರಾಗಿನ ಗಂಡಸ್ರು ಓದ್ತಾರಲ್ಲಕ್ಕಾ" ಅಂತಾಳೆ. ಓದಲಿ ಬಿಡು ಅಂದೆ. ಇನ್ನೂ ಯೋಚನೆ ಮಾಡ್ತಿದ್ದಾಳೆ.