88 ಅಂದರೆ ಡಿಸ್ಟಿಂಕ್ಷನ್ ಅಲ್ಲವೇ?

ಕಳೆದ ತಿಂಗಳು ಒಂದು ವಿಚಾರ ಸಂಕಿರಣಕ್ಕೆ ಹೋಗಿದ್ದೆ. ಸಾಂಕ್ರಾಮಿಕ ರೋಗ ಮತ್ತು ವೈಜ್ಞಾನಿಕ ಮನೋಭಾವ ಎಂಬುದು ವಿಷಯ. ಭಾಷಣಕಾರರೊಬ್ಬರು ಕೋವಿಡ್ ಕಾಲದ ನಗೆಹನಿಗಳ ಗಂಟು ಬಿಚ್ಚಿದರು. 'ನಿಮ್ಮದು ಪಾಸಿಟಿವ್' ಎಂದಾಗ ಕೈಮುಗಿದು 'ಸದ್ಯ, ದೇವರು ದೊಡ್ಡವನು' ಎಂದ ಅಜ್ಜಿ, 'ಕ್ವಾರಂಟೈನ್' ಹೇಳಲು ಬಾರದೆ ಒದ್ದಾಡಿದ ಕೂಲಿಯವನು, ಹೀಗೆ. ಸಭೆ ಬಿದ್ದು ಬಿದ್ದು ನಕ್ಕಿತು. ನಾನೂ ಮೊದಲೆರಡಕ್ಕೆ ನಕ್ಕೆ. ಕೊನೆಗೆ ಅವರು ತೀರ್ಪು ಕೊಟ್ಟರು: 'ನಮ್ಮ ಜನಕ್ಕೆ ವಿಜ್ಞಾನದ ಭಾಷೆಯೇ ಅರ್ಥವಾಗುವುದಿಲ್ಲ.' ಚಪ್ಪಾಳೆ ಬಿತ್ತು.

ಪ್ರಶ್ನೆ ಕೇಳಲು ಸಮಯ ಕೊಡಲಿಲ್ಲ. ಹಾಗಾಗಿ ಆ ಅಜ್ಜಿಯ ಪರವಾಗಿ ಇಲ್ಲಿ ವಾದ ಮಾಡುತ್ತಿದ್ದೇನೆ. ಜನರಿಗೆ ಪದಗಳು ಅರ್ಥವಾಗಲಿಲ್ಲ ಎನ್ನುವುದು ಸುಳ್ಳು. ಅವರ ಮಾತಿನಲ್ಲಿ ಆ ಪದಗಳಿಗೆ ಯಾವ ಅರ್ಥವಿತ್ತೋ ಅದನ್ನೇ ಅವರು ಸರಿಯಾಗಿ ತಿಳಿದುಕೊಂಡರು. ತಪ್ಪಿದ್ದು ಪದ ಕೊಟ್ಟವರದು. ಕೊಟ್ಟವರಲ್ಲಿ ನಾನೂ ಒಬ್ಬ. ಅದನ್ನು ಆಮೇಲೆ ಹೇಳುತ್ತೇನೆ.

ಮೊದಲು ಆ ಅಜ್ಜಿಯ 'ಪಾಸಿಟಿವ್'. ನಾವು ಮಕ್ಕಳಿಗೆ ಪಾಸಿಟಿವ್ ಆಗಿ ಯೋಚಿಸು ಎನ್ನುತ್ತೇವೆ. ಮನೆಯಲ್ಲಿ ಪಾಸಿಟಿವ್ ಎನರ್ಜಿ ಬರಲಿ ಎಂದು ಬಾಗಿಲಿನ ದಿಕ್ಕು ಬದಲಿಸುತ್ತೇವೆ. ಟಿವಿಯ ಜ್ಯೋತಿಷಿಯಿಂದ ಹಿಡಿದು ವ್ಯಕ್ತಿತ್ವ ವಿಕಸನದ ಮೇಷ್ಟರವರೆಗೆ ಎಲ್ಲರೂ ಕಲಿಸಿದ್ದು ಪಾಸಿಟಿವ್ ಅಂದರೆ ಒಳ್ಳೆಯದು ಎಂದೇ. ಪ್ರಯೋಗಾಲಯದಲ್ಲಿ ಮಾತ್ರ ಅದಕ್ಕೆ 'ಹುಡುಕಿದ್ದು ಸಿಕ್ಕಿದೆ' ಎಂಬ ಅರ್ಥ. 'ವೈರಸ್ ಸಿಕ್ಕಿದೆ' ಎಂದು ಎರಡು ಪದದಲ್ಲಿ ಹೇಳಿದ್ದರೆ ಅಜ್ಜಿ ಕೈಮುಗಿಯುತ್ತಿರಲಿಲ್ಲ. 'ನೆಗೆಟಿವ್' ಇನ್ನೂ ಅಪಾಯದ ಪದ. ಅದರ ಅರ್ಥ 'ಈ ಮಾದರಿಯಲ್ಲಿ ಸಿಕ್ಕಿಲ್ಲ' ಎಂದಷ್ಟೇ. ಗಂಟಲಿನಿಂದ ಮಾದರಿ ಸರಿಯಾಗಿ ತೆಗೆಯದಿದ್ದರೆ, ತೀರಾ ಬೇಗ ತೆಗೆದರೆ, ರೋಗವಿದ್ದೂ ಸಿಗದೇ ಹೋಗಬಹುದು. 'ಸಿಕ್ಕಿಲ್ಲ' ಎಂದಿದ್ದರೆ ಆ ಅನುಮಾನಕ್ಕೆ ಜಾಗ ಉಳಿಯುತ್ತಿತ್ತು. 'ನೆಗೆಟಿವ್' ಎಂದ ಮೇಲೆ ಉಳಿಯಲಿಲ್ಲ. ಜ್ವರವಿದ್ದವರೂ ರಿಪೋರ್ಟ್ ಜೇಬಿನಲ್ಲಿಟ್ಟುಕೊಂಡು ಮದುವೆಗೆ ಹೋದರು.

ಇನ್ನು 'ಸಾಮಾಜಿಕ ಅಂತರ'. ಹೇಳಬೇಕಾಗಿದ್ದದ್ದು ಒಬ್ಬರಿಂದ ಒಬ್ಬರು ಆರಡಿ ದೂರ ನಿಲ್ಲಿ ಎಂದು. ನಾವು ಹೇಳಿದ್ದು ಸಮಾಜದಲ್ಲಿ ಅಂತರವಿರಲಿ ಎಂದು. ಯಾವ ಸಮಾಜಕ್ಕೆ ಹೇಳಿದೆವು ನೋಡಿ! ಹೋಟೆಲಿನಲ್ಲಿ ಬೇರೆ ಲೋಟ, ಕೆರೆಯಲ್ಲಿ ಬೇರೆ ಮೆಟ್ಟಿಲು ಇಟ್ಟುಕೊಂಡು ಬಂದ ಸಮಾಜಕ್ಕೆ ಅಂತರ ಹೊಸ ಪಾಠವೇ? 2020ರ ಮಾರ್ಚ್ 20ರಂದೇ ವಿಶ್ವ ಆರೋಗ್ಯ ಸಂಸ್ಥೆ ತಾನು ಇನ್ನು ಮುಂದೆ 'ದೈಹಿಕ ಅಂತರ' ಎನ್ನುವುದಾಗಿ ಹೇಳಿತು. ದೇಹಗಳು ದೂರವಿರಲಿ, ಸಂಬಂಧಗಳು ದೂರವಾಗಬೇಕಿಲ್ಲ ಎಂಬುದು ಅದರ ಆಶಯ. ಆಗ ನಮ್ಮ ದೇಶದಲ್ಲಿ ಲಾಕ್‌ಡೌನ್ ಇನ್ನೂ ಶುರುವಾಗಿರಲಿಲ್ಲ. ತಿದ್ದಿಕೊಳ್ಳಲು ಸಮಯವಿತ್ತು. ನಾವು ತಿದ್ದಿಕೊಳ್ಳಲಿಲ್ಲ. ಬಸ್‌ಸ್ಟ್ಯಾಂಡಿನ ಗೋಡೆಯ ಮೇಲೆ ಬರೆದ 'ಸಾಮಾಜಿಕ ಅಂತರ ಕಾಪಾಡಿ' ಮಾಸಿದ ಬಣ್ಣದಲ್ಲಿ ಇವತ್ತಿಗೂ ಅಲ್ಲಲ್ಲಿ ಕಾಣುತ್ತದೆ.

ವಿಜ್ಞಾನಿಗಳಾದರೂ ತಮ್ಮ ಪದವನ್ನು ತಾವು ಸರಿಯಾಗಿ ಬಳಸಿದರೇ? 2020ರ ಮಾರ್ಚ್ 28ರಂದು ಅದೇ ವಿಶ್ವ ಆರೋಗ್ಯ ಸಂಸ್ಥೆ ಟ್ವಿಟರ್‌ನಲ್ಲಿ ಕೋವಿಡ್ 'ಏರ್‌ಬೋರ್ನ್' ಅಲ್ಲ ಎಂದು, ಇದು ಸತ್ಯಾಂಶ ಎಂಬ ಮೊಹರಿನೊಂದಿಗೆ ಸಾರಿತು. ವೈದ್ಯರ ನಡುವೆ ಆ ಪದಕ್ಕೆ ಬಹಳ ಬಿಗಿಯಾದ ಅರ್ಥವಿತ್ತು. ದಡಾರದಂತೆ, ಕ್ಷಯದಂತೆ, 5 ಮೈಕ್ರಾನ್‌ಗಿಂತ ಸಣ್ಣ ಕಣಗಳಲ್ಲಿ ಗಾಳಿಯಲ್ಲಿ ತೇಲಿ ದೂರ ಹೋಗುವಂಥದ್ದು ಮಾತ್ರ ಏರ್‌ಬೋರ್ನ್. ಕನ್ನಡದ ಪತ್ರಿಕೆ, ಟಿವಿಗಳಲ್ಲಿ ಅದು 'ಗಾಳಿಯಲ್ಲಿ ಹರಡುವುದಿಲ್ಲ' ಎಂದಾಯಿತು. ಜೊತೆಗೆ ನಮ್ಮ 'ಸೋಂಕು' ಎಂಬ ಪದದ ಮೂಲ ಅರ್ಥವೇ ಮುಟ್ಟುವುದು, ತಗಲುವುದು. ಗಾಳಿಯಲ್ಲಿಲ್ಲ, ಮುಟ್ಟಿದರೆ ಬರುತ್ತದೆ ಎಂದು ತಿಳಿದ ಜನ ಏನು ಮಾಡಬೇಕೋ ಅದನ್ನೇ ಮಾಡಿದರು. ತರಕಾರಿಯನ್ನು ಸೋಪಿನಲ್ಲಿ ತೊಳೆದರು, ನೋಟಿಗೆ ಇಸ್ತ್ರಿ ಹಾಕಿದರು, ಕಿಟಕಿ ಮುಚ್ಚಿ ಒಂದೇ ಕೋಣೆಯಲ್ಲಿ ಹತ್ತು ಜನ ಕೂತರು. ಅವರ ತರ್ಕದಲ್ಲಿ ತಪ್ಪೇನಿದೆ? 2020ರ ಜುಲೈನಲ್ಲಿ 239 ವಿಜ್ಞಾನಿಗಳು ಬಹಿರಂಗ ಪತ್ರ ಬರೆದು, ಇದು ಗಾಳಿಯಲ್ಲೂ ಹರಡುತ್ತದೆ, ಒಪ್ಪಿಕೊಳ್ಳಿ ಎನ್ನಬೇಕಾಯಿತು. 2024ರ ಏಪ್ರಿಲ್‌ನಲ್ಲಿ ಆ ಸಂಸ್ಥೆ ಈ ಪದಗಳ ಗೊಂದಲ ಬಿಡಿಸಲೆಂದೇ ಒಂದು ವರದಿ ಹೊರತಂದಿತು. ಪಂಡಿತರು ನಾಲ್ಕು ವರ್ಷ ತೆಗೆದುಕೊಂಡ ಪದವನ್ನು ಅಜ್ಜಿ ನಾಲ್ಕು ನಿಮಿಷದಲ್ಲಿ ತಿಳಿಯಬೇಕಿತ್ತಂತೆ.

ನಾನು ಮುಖ್ಯವಾಗಿ ಹೇಳಬೇಕೆಂದಿರುವುದು 'ಶೇಕಡಾ' ಎಂಬ ಪದದ ಬಗ್ಗೆ. 2021ರ ಮಾರ್ಚ್‌ನಲ್ಲಿ ನಮ್ಮೂರ ಕಟ್ಟೆಯಲ್ಲಿ ಕೋವಿಶೀಲ್ಡ್ 70, ಕೋವ್ಯಾಕ್ಸಿನ್ 81 ಎಂಬ ಲೆಕ್ಕ ನಡೆಯುತ್ತಿತ್ತು. 'ಅಂದರೆ ಸೂಜಿ ಚುಚ್ಚಿಸಿಕೊಂಡ ನೂರು ಜನರಲ್ಲಿ ಮೂವತ್ತು ಜನಕ್ಕೆ ಬಂದೇ ಬರುತ್ತೆ. ಮತ್ಯಾಕೆ ಚುಚ್ಚಿಸಿಕೊಳ್ಳೋದು?' ಎಂದು ಒಬ್ಬರು ಕೇಳಿದರು. ಯಾರೂ ಉತ್ತರಿಸಲಿಲ್ಲ. ಲಸಿಕೆಯ ಶೇಕಡಾ ಎಂದರೆ ಹಾಗಲ್ಲ. ಫೈಜರ್ ಲಸಿಕೆಯ ಪ್ರಯೋಗವನ್ನೇ ನೋಡಿ. ಸುಮಾರು 43,000 ಜನರಲ್ಲಿ ಅರ್ಧದಷ್ಟು ಮಂದಿಗೆ ಲಸಿಕೆ, ಉಳಿದರ್ಧಕ್ಕೆ ಬರೀ ಉಪ್ಪುನೀರು. ಲಸಿಕೆಯ ಗುಂಪಿನಲ್ಲಿ ರೋಗ ಬಂದದ್ದು 8 ಜನಕ್ಕೆ, ಉಪ್ಪುನೀರಿನ ಗುಂಪಿನಲ್ಲಿ 162 ಜನಕ್ಕೆ. 162 ಆಗಬೇಕಿದ್ದದ್ದು 8 ಆಯಿತು. ಅದೇ 95 ಶೇಕಡಾ. ನೂರಕ್ಕೆ ಐದು ಜನರಿಗೆ ರೋಗ ಬಂತೆಂದಲ್ಲ. ಲಸಿಕೆ ಇಲ್ಲದಿದ್ದರೆ ರೋಗ ಬರಬೇಕಿದ್ದ ಪ್ರತಿ ನೂರು ಜನರಲ್ಲಿ 95 ಮಂದಿ ತಪ್ಪಿಸಿಕೊಂಡರು ಎಂದು. ಇದನ್ನು ಹೇಳಲು ಮೂರು ವಾಕ್ಯ ಬೇಕು. ನಾವು ಒಂದು ಅಂಕಿ ಎಸೆದು ಸುಮ್ಮನಾದೆವು. ನಮ್ಮ ನಾಡಿನಲ್ಲಿ ಶೇಕಡಾ ಅಂದರೆ ಒಂದೇ ಅರ್ಥ, ಪರೀಕ್ಷೆಯ ಅಂಕ. ಜನ ಲಸಿಕೆಗೂ ಅಂಕ ಕೊಟ್ಟು ರ‍್ಯಾಂಕ್ ಪಟ್ಟಿ ಮಾಡಿದರು.

ಈಗ ನನ್ನ ವಿಷಯ. ನಾನು ಮಲೆನಾಡಿನ ಒಂದು ಪಿಯು ಕಾಲೇಜಿನಲ್ಲಿ ರಸಾಯನಶಾಸ್ತ್ರ ಕಲಿಸುತ್ತೇನೆ. ಕನ್ನಡ ಚೆನ್ನಾಗಿ ಬರೆಯುತ್ತೇನೆಂಬ ಹೆಸರಿದೆ. 2021ರ ಏಪ್ರಿಲ್ ಕೊನೆಗೆ ಎರಡನೇ ಅಲೆ ಏರುತ್ತಿದ್ದಾಗ, ಗೆಳೆಯರೆಲ್ಲ ಸೇರಿ ಹಳ್ಳಿಗಳಿಗೆ ಕರಪತ್ರ ಹಂಚಿದೆವು. ಇಂಗ್ಲಿಷಿನಿಂದ ಕನ್ನಡಕ್ಕೆ ತಂದವನು ನಾನು. ಅದರ ಏಳನೇ ಅಂಶ ಹೀಗಿತ್ತು: 'ರಕ್ತದಲ್ಲಿ ಆಮ್ಲಜನಕದ ಸಂತೃಪ್ತತೆಯು ಶೇಕಡಾ 94ಕ್ಕಿಂತ ಕಡಿಮೆಯಾದಲ್ಲಿ ವೈದ್ಯರನ್ನು ಸಂಪರ್ಕಿಸತಕ್ಕದ್ದು.' ಪಠ್ಯಪುಸ್ತಕದ 'ಪರ್ಯಾಪ್ತತೆ' ಯಾರಿಗೂ ತಿಳಿಯದು, 'ಸಂತೃಪ್ತತೆ' ಸುಲಭ ಎಂದು ನಾನೇ ಆರಿಸಿದ ಪದ. ಬೆನ್ನು ತಟ್ಟಿಕೊಂಡಿದ್ದೆ ಕೂಡ.

ಮೇ ತಿಂಗಳಲ್ಲಿ ನನ್ನ ಸೋದರಮಾವನಿಗೆ ಜ್ವರ ಬಂತು. ಏಳನೇ ಕ್ಲಾಸು ಓದಿದ್ದರು. ಅಡಿಕೆ ತೋಟದ ಲೆಕ್ಕ, ಸೊಸೈಟಿಯ ಲೆಕ್ಕ ಎಲ್ಲ ಬಾಯಲ್ಲೇ. ಆಶಾ ಕಾರ್ಯಕರ್ತೆ ಬಂದು ಬೆರಳಿಗೆ ಮೆಷಿನ್ ಹಾಕಿ ನೋಡಿ, ಚೀಟಿಯಲ್ಲಿ ಅಂಕಿ ಬರೆದಿಟ್ಟು, 'ಆಸ್ಪತ್ರೆಗೆ ಹೋಗಬೇಕಾಗಬಹುದು, ಮನೆಯವರಿಗೆ ಹೇಳಿ' ಎಂದು ಮುಂದಿನ ಮನೆಗೆ ಓಡಿದಳು. ಅವಳಿಗೆ ಆ ದಿನ ಇನ್ನೂ ನಲವತ್ತು ಮನೆ ಬಾಕಿ ಇತ್ತು. ರಾತ್ರಿ ಮಾವ ಫೋನಿನಲ್ಲಿ ನಗುತ್ತಲೇ ಹೇಳಿದರು:

'ಎಂಬತ್ತೆಂಟು ಬಂತು ಮಾರಾಯ. ಡಿಸ್ಟಿಂಕ್ಷನ್ನೇ! ನಿಂಗೂ ಬಂದಿರ್ಲಿಲ್ಲ.'

'ಮಾವ, ಅದು ಕಡಿಮೆ. ಈಗಲೇ ಹೊರಡಿ' ಎಂದೆ.

'ಉಸಿರಾಡೋಕೆ ಏನೂ ತೊಂದ್ರೆ ಇಲ್ವಲ್ಲ. ನೀನು ಬರ‍್ದಿದ್ದು ಇಲ್ಲೇ ಮೊಳೆಗೆ ನೇತು ಹಾಕಿದೀನಿ. ಸಂತೃಪ್ತಿ ಇದ್ರೆ ಸಾಕು ಅಂತ ಅದರಲ್ಲೇ ಇದೆ.'

ಉಸಿರು ಆರಾಮಿದೆ ಅನ್ನಿಸುತ್ತಿರುವಾಗಲೇ ಆಮ್ಲಜನಕ ಇಳಿಯುವುದು ಈ ರೋಗದ ಮೋಸ. ಅದನ್ನು ನಾನು ಕರಪತ್ರದಲ್ಲಿ ಬರೆದಿರಲಿಲ್ಲ. ಬೆರಳಿಗೆ ಹಾಕುವ ಮೆಷಿನ್ನಿನ ಅಂಕಿಯೇ ಈ ಸಂತೃಪ್ತತೆ ಎಂದೂ ಬರೆದಿರಲಿಲ್ಲ. 'ಶೇಕಡಾ 94' ಅವರ ಕಣ್ಣಿಗೆ ಬೀಳದೆ ಇದ್ದೀತೇ? ಬಿದ್ದಿತ್ತು. ಅದಕ್ಕೂ ಬೆರಳಿನ ಮೆಷಿನ್ನಿಗೂ ಏನು ಸಂಬಂಧವೆಂದು ಅವರಿಗೆ ಹೇಳಿದವರಿಲ್ಲ. ಅವರನ್ನು ಒಪ್ಪಿಸಿ ಗಾಡಿ ಹತ್ತಿಸಲು ಒಂದೂವರೆ ದಿನ ಹಿಡಿಯಿತು. ಆಸ್ಪತ್ರೆಯಲ್ಲಿ ಆರು ದಿನ ಇದ್ದರು. ಏಳನೇ ದಿನ ಹೋದರು. ಒಂದೂವರೆ ದಿನ ಮೊದಲೇ ಹೋಗಿದ್ದರೆ ಉಳಿಯುತ್ತಿದ್ದರು ಎಂದು ಯಾರೂ ಖಚಿತವಾಗಿ ಹೇಳಲಾರರು. ಉಳಿಯುತ್ತಿರಲಿಲ್ಲ ಎಂದೂ ನನಗೆ ಯಾರೂ ಹೇಳಿಲ್ಲ.

ಈಗ ಆ ಸಂಕಿರಣದ ಭಾಷಣಕಾರರು ಎರಡು ಆಕ್ಷೇಪ ಎತ್ತಬಹುದು. ಮೊದಲನೆಯದು, ಜನರ ಪದಗಳೂ ದಾರಿ ತಪ್ಪಿಸುತ್ತವಲ್ಲ ಎಂದು. ನಿಜ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನ ಕಡೆ ಕಾಣಿಸಿಕೊಂಡ ರೋಗವನ್ನು ನಮ್ಮ ಜನ 'ಮಂಗನ ಕಾಯಿಲೆ' ಎಂದರು. ಅದನ್ನು ಮನುಷ್ಯರಿಗೆ ದಾಟಿಸುವುದು ಹೆಚ್ಚಾಗಿ ಉಣುಗು. ಆದರೂ ಆ ಹೆಸರು ಒಂದು ಎಚ್ಚರಿಕೆಯನ್ನು ಹೊತ್ತಿದೆ: ಕಾಡಿನಲ್ಲಿ ಮಂಗ ಸತ್ತು ಬಿದ್ದಿದ್ದರೆ ಅತ್ತ ಹೋಗಬೇಡ. ಪಂಡಿತರ 'ಕೆ.ಎಫ್.ಡಿ.' ಎಂಬ ಮೂರಕ್ಷರ ಯಾರಿಗೆ ಏನು ಹೇಳುತ್ತದೆ? ಜನರ ಪದವನ್ನು ಹಿಡಿದುಕೊಂಡು, ಅದಕ್ಕೆ 'ಕಚ್ಚುವುದು ಉಣುಗು' ಎಂದು ಸೇರಿಸಿದರೆ ಕೆಲಸ ಆಗುತ್ತದೆ.

ಎರಡನೆಯದು, ಕನ್ನಡದಲ್ಲಿ ವಿಜ್ಞಾನ ಹೇಳುವುದು ಕಷ್ಟ ಎಂಬ ಹಳೆಯ ರಾಗ. ಬೆಳ್ಳಾವೆ ವೆಂಕಟನಾರಣಪ್ಪನವರೂ ನಂಗಪುರಂ ವೆಂಕಟೇಶ ಅಯ್ಯಂಗಾರರೂ 'ವಿಜ್ಞಾನ' ಪತ್ರಿಕೆ ತಂದದ್ದು 1918ರಲ್ಲಿ, ಇನ್‌ಫ್ಲುಯೆಂಜಾ ಊರೂರು ನುಂಗುತ್ತಿದ್ದ ವರ್ಷದಲ್ಲೇ. ವೈದ್ಯೆಯಾಗಿದ್ದ ಅನುಪಮಾ ನಿರಂಜನರ 'ತಾಯಿ-ಮಗು'ವನ್ನು ನಮ್ಮಮ್ಮನ ಕಾಲದ ಹೆಂಗಸರು ಓದಿ ಅರ್ಥ ಮಾಡಿಕೊಂಡರು. ಕನ್ನಡ ಆಗಲೂ ಇದೇ ಕನ್ನಡ. ಕೇಳುವವರ ಮುಖ ನೋಡಿ ಬರೆಯುವ ಅಭ್ಯಾಸ ಅವರಿಗಿತ್ತು, ನಮಗೆ ತಪ್ಪಿಹೋಗಿದೆ.

ಸಾಹಿತ್ಯದ ವಿದ್ಯಾರ್ಥಿಗಳಿಗೆ ಇದನ್ನೆಲ್ಲ ಹೇಳುತ್ತಿರುವುದಕ್ಕೆ ಕಾರಣವಿದೆ. ಇದು ವೈದ್ಯರ ಕೆಲಸ ಎಂದು ನೀವು ಕೈತೊಳೆದುಕೊಳ್ಳುತ್ತೀರಿ. ವೈದ್ಯರು ಇದು ಅನುವಾದಕರ ಕೆಲಸ ಎನ್ನುತ್ತಾರೆ. ನಡುವೆ ನನ್ನಂಥವನೊಬ್ಬ ನಿಘಂಟು ತೆರೆದು 'ಸಂತೃಪ್ತತೆ' ಎಂದು ಬರೆಯುತ್ತಾನೆ. ಮುಂದಿನ ರೋಗ ಬಂದಾಗ ಊರಿನ ಕರಪತ್ರ ನಿಮ್ಮ ಕೈಗೇ ಬರುತ್ತದೆ, ಕನ್ನಡ ಎಂ.ಎ. ಮಾಡಿದ್ದೀರಲ್ಲ ಎಂದು. ಅಚ್ಚಿಗೆ ಕೊಡುವ ಮೊದಲು ಹಿಟ್ಟಿನ ಗಿರಣಿಗೋ ಹಾಲಿನ ಡೈರಿಗೋ ಹೋಗಿ, ಅಲ್ಲಿರುವ ಒಬ್ಬರಿಗೆ ಗಟ್ಟಿಯಾಗಿ ಓದಿ ಹೇಳಿ. 'ಏನು ತಿಳೀತು?' ಎಂದು ಕೇಳಿ. ಅವರು ಬೇರೇನೋ ಹೇಳಿದರೆ ನಗಬೇಡಿ, ವಾಕ್ಯ ಹೊಡೆದುಹಾಕಿ.

ನನ್ನ ಏಳನೇ ಅಂಶವನ್ನು ನಾನು ಈಗ ಹೀಗೆ ಬರೆಯುತ್ತೇನೆ: 'ಬೆರಳಿಗೆ ಹಾಕುವ ಮೆಷಿನ್ನಿನಲ್ಲಿ 94ಕ್ಕಿಂತ ಕೆಳಗೆ ತೋರಿಸಿದರೆ ಕೂಡಲೇ ಆಸ್ಪತ್ರೆಗೆ ಹೊರಡಿ. ಉಸಿರು ಆರಾಮಾಗಿದೆ ಅನ್ನಿಸಿದರೂ ಹೊರಡಿ. ಇದು ಪರೀಕ್ಷೆಯ ಅಂಕ ಅಲ್ಲ. 88 ಬಂದರೆ ಅಪಾಯ.'

ಇದರಲ್ಲಿ ನಿಘಂಟು ನೋಡಿ ಹಾಕಿದ ಪದ ಒಂದೂ ಇಲ್ಲ. 2021ರಲ್ಲೂ ಇದನ್ನು ಬರೆಯಲು ನನಗೆ ಬರುತ್ತಿತ್ತು.